ದೇವರಿಗೆ ಹೇಳಿದ್ದು, ದಾನಪ್ಪನಿಗೆ ಹೇಳದೆ ಉಳಿದದ್ದು

ಮೂವತ್ತು ವರ್ಷಕ್ಕೂ ಮೇಲೆ ನಾನು ಚಪ್ಪಲಿ ಹೊಲಿದೆ. ಅಂಗಡಿಯಲ್ಲಿ ತೂಗುಹಾಕಿ ಮಾರುವ ಚಪ್ಪಲಿಯಲ್ಲ. ಕುಷ್ಠರೋಗದಿಂದ ಸ್ಪರ್ಶ ಕಳೆದುಕೊಂಡ ಕಾಲುಗಳಿಗೆ ಒಂದೊಂದಾಗಿ ಅಳತೆ ತೆಗೆದು ಹೊಲಿಯುವ ಚಪ್ಪಲಿ. ನಮ್ಮ ಸೇವೆಗೆ ಹೊಸದಾಗಿ ಸೇರಿದ ಒಬ್ಬ ನರ್ಸ್ ಮತ್ತು ಅವಳ ಜೊತೆಗಾರ ಹೋದ ತಿಂಗಳು ಮಿರಜಿನ ನನ್ನ ಮನೆಗೆ ಬಂದು, "ಕಾಕಾ, ನಿಮ್ಮ ಅನುಭವಾ ಬರದ್ ಕೊಡ್ರಿ, ನಾವು ಓದತೇವಿ" ಅಂದರು. ಓದುತ್ತಾರೋ ಇಲ್ಲವೋ, ನನಗೆ ಅನುಮಾನವೇ. ಇದು ಮಹಾರಾಷ್ಟ್ರ; ಮರಾಠಿ ಶಾಲೆಯಲ್ಲಿ ಓದಿದ ಇಲ್ಲಿಯ ಎಳೆಯರಿಗೆ ಕನ್ನಡ ಮಾತಾಡಿದರೆ ತಿಳಿಯುತ್ತದೆ, ಬರೆದು ಕೊಟ್ಟರೆ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡುತ್ತಾರೆ. ಆದರೂ ಕೇಳಿದರಲ್ಲ ಎಂಬ ಸಂತೋಷಕ್ಕೆ ಬರೆಯಲು ಕೂತಿದ್ದೇನೆ.

ನಾನು ಯಾವಾಗ ಕಾಯಂ ಆದೆ, ಯಾವಾಗ ಮುಖ್ಯಸ್ಥನಾದೆ ಎಂಬುದನ್ನೆಲ್ಲ ಬಿಟ್ಟುಬಿಡುತ್ತೇನೆ. ನಮ್ಮ ಕಾರ್ಖಾನೆಯೆಂದರೆ ಮಿರಜಿನ ಚರ್ಚಿನ ಹಿಂದಿನ ಒಂದು ತಗಡಿನ ಶೆಡ್ಡು, ಅದರಲ್ಲಿದ್ದವನು ನಾನೊಬ್ಬನೇ. ನನಗೆ ನಾನೇ ಮುಖ್ಯಸ್ಥನಾದದ್ದರಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ.

ನಮ್ಮಪ್ಪ ಅಥಣಿ ಕಡೆಯ ಚಪ್ಪಲಿ ಹೊಲಿಯುವವರು. ಕೈಕಸುಬು ಅವರಿಂದಲೇ ಬಂತು. ಹಾಗಾಗಿ ಕೆಲಸಕ್ಕೆ ಸೇರಿದ ವಾರವೇ ನಾನು ಬಲು ಗಟ್ಟಿಯಾದ ಒಂದು ಜೋಡು ತಯಾರಿಸಿ, ಅಟ್ಟೆಗೆ ಎಂಟೆಂಟು ಮೊಳೆ ಹೊಡೆದು, ಡಾಕ್ಟರಬಾಯಿಯವರ ಮುಂದೆ ಹೆಮ್ಮೆಯಿಂದ ಇಟ್ಟೆ. ಡಾಕ್ಟರಬಾಯಿ ಎಂದರೆ ನಮ್ಮ ತಂಡದ ವೈದ್ಯೆ, ಕೇರಳದವರು. ಮಿರಜಿಗೆ ಬಂದು ಮರಾಠಿ ಕಲಿತಿದ್ದರು, ಆದರೆ ಅವರ ಮರಾಠಿ ಮಲಯಾಳದ ರಾಗದಲ್ಲೇ ಹೊರಡುತ್ತಿತ್ತು. ಅವರು ಚಪ್ಪಲಿಯೊಳಗೆ ಅಂಗೈಯಿಟ್ಟು ನಿಧಾನವಾಗಿ ಸವರಿ, ನನ್ನ ಕೈಯನ್ನೂ ಹಿಡಿದು ಒಳಗೆ ಒತ್ತಿಸಿದರು. ಒಂದು ಮೊಳೆಯ ತುದಿ ಚುಚ್ಚಿತು. ನಾನು ಅಯ್ಯೋ ಎಂದೆ.

"ನೀನು ಅಯ್ಯೋ ಅಂದೆ. ಇದನ್ನು ಹಾಕಿಕೊಳ್ಳುವವರಿಗೆ ಅಯ್ಯೋ ಅನ್ನಲು ಆಗುವುದಿಲ್ಲ. ಅದಕ್ಕೇ ನಿನ್ನನ್ನು ಕರೆಸಿದ್ದು" ಎಂದು ಅವರು ಮರಾಠಿಯಲ್ಲಿ ಹೇಳಿದರು. ಕಸುಬಿನ ಮೊದಲ ಪಾಠ ಅದೇ. ಕಾಲಿಗೆ ನೋವು ತಿಳಿಯದಿದ್ದರೆ ಗಾಯ ಸುಮ್ಮನೆ ಬೆಳೆಯುತ್ತ ಹೋಗುತ್ತದೆ. ಆ ದಿನದಿಂದ ನನ್ನ ಶೆಡ್ಡಿನಲ್ಲಿ ಮೊಳೆ ಇರಲಿಲ್ಲ. ಒಳಗೆ ಸ್ಪಂಜಿನಂಥ ಮೆತ್ತನೆಯ ರಬ್ಬರು, ಕೆಳಗೆ ಹಳೆಯ ಟಾಯರಿನ ಅಟ್ಟೆ, ನಡುವೆ ಅಂಟು, ಸುತ್ತ ಹೊಲಿಗೆ, ಅಷ್ಟೆ. ರೋಗಿಯನ್ನು ಕಂದು ಕಾಗದದ ಮೇಲೆ ನಿಲ್ಲಿಸಿ ಪಾದದ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು ಅಳತೆ ತೆಗೆಯುತ್ತಿದ್ದೆ. ಆ ಕಾಗದಗಳನ್ನು ಹೆಸರು ಬರೆದು ಕಟ್ಟಿಡುತ್ತಿದ್ದೆ. ಮುಂದೆ ನಾನು ಮಾಡಿದ ದೊಡ್ಡ ತಪ್ಪು ಆ ಕಟ್ಟಿನಿಂದಲೇ ಹೊರಬಂತು, ಅದನ್ನು ಹೇಳುತ್ತೇನೆ.

ನಾವು ನಾಲ್ಕು ಜನ. ನಾಲ್ಕು ಬೇರೆ ಬೇರೆ ಚರ್ಚಿನವರು ಸೇರಿ ಒಂದು ಹಳೆಯ ಜೀಪು ಕೊಂಡು ಶುರುಮಾಡಿದ, ಊರೂರು ತಿರುಗುವ ದವಾಖಾನೆ ಅದು, ಹಾಗಾಗಿ ಚರ್ಚಿಗೊಬ್ಬರಂತೆ ನಾಲ್ವರು. ಡಾಕ್ಟರಬಾಯಿ ಆಯಿತು. ಎರಡನೆಯವರು ರೂತಬಾಯಿ, ನಮ್ಮ ಸಿಸ್ಟರ್. ಗಾಯ ತೊಳೆದು ಪಟ್ಟಿ ಕಟ್ಟುವುದು, ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಬರುವುದು ಅವರ ಕೆಲಸ. ತಂದೆ ಮರಾಠಿ, ತಾಯಿ ಜತ್ತ ಕಡೆಯ ಕನ್ನಡದವರು. ಜಗಳವಾಡುವಾಗ ಎರಡೂ ಭಾಷೆಯನ್ನು ಬಳಸುತ್ತಿದ್ದರು. ಮೂರನೆಯವನು ಡ್ರೈವರ್ ಸಿಮೋನ ಕಾಕಾ, ಬುಧಗಾಂವದವನು, ನಮ್ಮೆಲ್ಲರಿಗಿಂತ ಹಿರಿಯ. ನಾಲ್ಕನೆಯವನು ನಾನು, ದಾನಪ್ಪ.

ಒಂದೇ ದೇವರನ್ನು ನಂಬಿದವರು ಸೇರಿ ಕೆಲಸ ಮಾಡುವುದೆಂದರೆ ಬೆಳಿಗ್ಗೆಯಿಂದ ಸಂಜೆಯವರೆಗೆ ಹಾಡು, ನಗು, ಪ್ರೀತಿ ಎಂದು ಹೊಸಬರು ತಿಳಿದಿರುತ್ತಾರೆ. ನಾನೂ ಹಾಗೆಯೇ ತಿಳಿದಿದ್ದೆ. ಹಾಡೂ ಇತ್ತು, ನಗುವೂ ಇತ್ತು. ಆದರೆ ಒಬ್ಬರು ಕಣ್ಣು ಮುಚ್ಚಿ ಪ್ರಾರ್ಥಿಸಬೇಕು ಅಂದರೆ ಇನ್ನೊಬ್ಬರು ತೆರೆದು, ಒಬ್ಬರು ನಿಂತು ಅಂದರೆ ಇನ್ನೊಬ್ಬರು ಮೊಣಕಾಲೂರಿ. ಮೊದಲ ತಿಂಗಳು ಜೀಪು ಹೊರಡುವುದಕ್ಕಿಂತ ಹೇಗೆ ಪ್ರಾರ್ಥಿಸಿ ಹೊರಡಬೇಕು ಎಂಬ ಚರ್ಚೆಗೇ ಹೆಚ್ಚು ಹೊತ್ತು ಹಿಡಿಯಿತು. ಕೊನೆಗೆ ಬಾನೆಟ್ಟಿನ ಸುತ್ತ ನಿಂತು ದಿನಕ್ಕೊಬ್ಬರು, ಅವರವರಿಗೆ ಬಂದ ಭಾಷೆಯಲ್ಲಿ ಎಂದು ಠರಾವಾಯಿತು.

ಸಿಮೋನ ಕಾಕಾನ ಪಾಳಿ ಬಂದರೆ ನಮಗೆಲ್ಲ ಖುಷಿ. "ದೇವಾ, ಬ್ರೇಕ್ ಸಂಭಾಳಸು, ಆಮೆನ್" ಎಂದು ಹೇಳಿ ಹತ್ತಿಬಿಡುತ್ತಿದ್ದ. ನನ್ನ ಪಾಳಿ ಬಂದರೆ ಮಾತ್ರ ಅವನು ಇಂಜಿನ್ ಶುರುಮಾಡುತ್ತಿರಲಿಲ್ಲ. ಡೀಸೆಲ್ ಸುಮ್ಮನೆ ಉರಿದುಹೋಗುತ್ತದೆ ಎಂದು ಅವನ ಲೆಕ್ಕ. "ದಾನಪ್ಪನ ಪ್ರಾರ್ಥನಾ ವಿಜಾಪುರಕ್ಕ ಹೋಗಿ ತಿರಗಿ ಬರಬೇಕಲ್ಲ" ಎಂದು ರೂತಬಾಯಿ ಛೇಡಿಸುತ್ತಿದ್ದರು.

ಆಗ ಸಹಕಾರಿ ಸಂಘಗಳ ಭರಾಟೆಯ ಕಾಲ. ಕಬ್ಬಿಗೆ ಸಂಘ, ಹಾಲಿಗೆ ಸಂಘ, ನೂಲಿಗೆ ಸಂಘ. ಬುಧಗಾಂವದಲ್ಲಿ ನಮಗೆ ಕೂರಲು ನೆರಳಿರಲಿಲ್ಲ. ಹಾಲಿನ ಸಂಘದ ಕಟ್ಟೆ ಬೆಳಗಿನ ಹಾಲು ಹೋದ ಮೇಲೆ ಖಾಲಿ ಬಿದ್ದಿರುತ್ತಿತ್ತು. ಕೇಳಿದರೆ ಸೆಕ್ರೆಟರಿ, "ಕಟ್ಟಿ ಸಭಾಸದರಿಗೆ ಅಷ್ಟs. ನೀವು ಯಾವ ಸಭಾಸದ್ರು?" ಅಂದ. ಕುಷ್ಠದವರು ಕಟ್ಟೆ ಹತ್ತಿದರೆ ಜನ ಹಾಲು ಹಾಕುವುದಿಲ್ಲ ಎಂಬ ಹೆದರಿಕೆ ಅವನಿಗೆ, ಅದನ್ನು ಬಾಯಿಬಿಟ್ಟು ಹೇಳಲಾರ. ಮರುದಿನ ಸಿಮೋನ ಕಾಕಾ ತನ್ನ ಮನೆಯ ಎಮ್ಮೆಯ ಹಾಲನ್ನು ಕ್ಯಾನಿನಲ್ಲಿ ಹೊತ್ತು ತಂದು ಸಂಘಕ್ಕೆ ಹಾಕಿ, ಅರ್ಜಿ ಕೊಟ್ಟು ಸಭಾಸದನಾದ. ಆಮೇಲೆ ಕಟ್ಟೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, "ಈಗ ಕಟ್ಟಿ ನಂದೂ ಆತು. ಇವರೆಲ್ಲಾ ನನ್ನ ಪಾವಣ್ಯಾರು" ಅಂದ. ಸೆಕ್ರೆಟರಿ ನಿಯಮದ ಪುಸ್ತಕ ತೆರೆದು ನೋಡಿದ. ಸಭಾಸದನ ಪಾವಣ್ಯಾರು, ಅಂದರೆ ನೆಂಟರು, ಕಟ್ಟೆ ಹತ್ತಬಾರದೆಂದು ಎಲ್ಲೂ ಬರೆದಿರಲಿಲ್ಲ. ಡಾಕ್ಟರಬಾಯಿ ಅವನನ್ನು ಕೂರಿಸಿಕೊಂಡು, ಔಷಧ ತೆಗೆದುಕೊಳ್ಳುವವರಿಂದ ಈ ರೋಗ ಹರಡುವುದಿಲ್ಲವೆಂದು ತಿಳಿಸಿ ಹೇಳಿದರು. ಪ್ರತಿ ಗುರುವಾರ ಅಲ್ಲಿ ನಮ್ಮ ದವಾಖಾನೆ ನಡೆಯಿತು. ಹಾಲೂ ಕಡಿಮೆಯಾಗಲಿಲ್ಲ. ಆ ಎಮ್ಮೆಯನ್ನು ನಾವು ತಂಡದ ಐದನೆಯ ಸದಸ್ಯೆ ಎಂದು ಕರೆಯುತ್ತಿದ್ದೆವು.

ಆ ಕಟ್ಟೆಗೆ ಬರುತ್ತಿದ್ದವರಲ್ಲಿ ತಂಗೆವ್ವ ಒಬ್ಬಳು. ಇಂಡಿ ಕಡೆಯಿಂದ ಕೂಲಿಗೆ ಬಂದು ಬುಧಗಾಂವದಲ್ಲಿ ನೆಲೆಸಿದವಳು. ಸಾಂಗಲಿಯ ಅರಿಷಿಣ ಪೇಟೆಯಲ್ಲಿ ಅರಿಷಿಣ ಆರಿಸುವ ಕೆಲಸ. ಕಾಲಿನಿಂದ ಕೈಯವರೆಗೆ ಹಳದಿ ಹಳದಿಯಾಗಿ ಬಂದು ಕೂರುತ್ತಿದ್ದಳು. ರೋಗ ವಾಸಿಯಾಗಿತ್ತು. ಮೊದಲಿನಂತೆ ವರ್ಷಗಟ್ಟಲೆ ಒಂದೇ ಬಿಳಿ ಮಾತ್ರೆ ನುಂಗುವ ಕಾಲ ಮುಗಿದು, ಪಾಕೀಟಿನ ಹೊಸ ಔಷಧಗಳು ಬಂದಿದ್ದವು. ಆದರೆ ರೋಗ ಹೋದರೂ ಕಾಲಿಗೆ ಸ್ಪರ್ಶ ತಿರುಗಿ ಬಂದಿರಲಿಲ್ಲ. ಆ ವರ್ಷ ಅವಳ ಮಗಳು ಚೊಚ್ಚಲ ಬಸುರಿ. ಬೀಗರು ಈ ರೋಗದ ಹೆಸರು ಕೇಳಿ ಮಗಳನ್ನು ಕಳಿಸಲು ಒಪ್ಪಿರಲಿಲ್ಲ. ಡಾಕ್ಟರಬಾಯಿಯೇ ಅವರ ಮನೆಗೆ ಹೋಗಿ ತಿಳಿಹೇಳಿ ಒಪ್ಪಿಸಿದ್ದರು.

"ಬಾಣಂತನಾ ನಾನs ಮಾಡಾಕಿ. ಕಾಲೊಂದು ಗಟ್ಟಿ ಇರ್ಲಿ ನೋಡಪ್ಪಾ, ಹೊಸಾ ಜೋಡ ಮಾಡಿ ಕೊಡು" ಎಂದು ತಂಗೆವ್ವ ನನ್ನ ಕೈ ಹಿಡಿದು ಕೇಳಿದಳು. ನಾನು ಒಪ್ಪಿದೆ.

ಇನ್ನು ಜಗಳದ ಕಥೆ. ಆ ವರ್ಷದ ಕ್ರಿಸ್ಮಸ್ಸಿಗೆ ನಾಲ್ಕೂ ಚರ್ಚಿನವರು ಸೇರಿ ಮಿರಜಿನಲ್ಲಿ ಒಂದು ಕಾರ್ಯಕ್ರಮ ಮಾಡಿದೆವು. ಯಾರ ಹಾಡು ಯಾವಾಗ ಎಂದು ಪಟ್ಟಿ ಬರೆದವರು ರೂತಬಾಯಿ. ನಾನು ಒಂದು ತಿಂಗಳು ತಗಡಿನ ಶೆಡ್ಡಿನಲ್ಲಿ ಕೂತು ಕನ್ನಡದ ಹಾಡೊಂದನ್ನು ಸಾಧನೆ ಮಾಡಿದ್ದೆ. ನನ್ನ ಕಂಠದ ಬಗ್ಗೆ ನನಗೆ ಆಗ ಸ್ವಲ್ಪ ಅಭಿಮಾನವಿತ್ತು. ಈಗಲೂ ಇದೆ. ಪಟ್ಟಿಯಲ್ಲಿ ನನ್ನ ಹಾಡು ಕಟ್ಟಕಡೆಗೆ ಬಂದಿತ್ತು. ನಾನು ಎದ್ದು ನಿಲ್ಲುವುದಕ್ಕೂ ಹೊರಗೆ ಊಟದ ಪಾತೇಲಿಯ ಮುಚ್ಚಳ ತೆಗೆಯುವುದಕ್ಕೂ ಸರಿಹೋಯಿತು. ಮೊದಲ ಚರಣ ಮುಗಿಯುವಷ್ಟರಲ್ಲಿ ಬೆಂಚುಗಳು ಖಾಲಿ. ಉಳಿದವನು ಹಾರ್ಮೋನಿಯಂ ಪೇಟಿ ಬಾರಿಸುವವನೊಬ್ಬನೇ, ಅವನೂ ಕುತ್ತಿಗೆ ಬಾಗಿಲ ಕಡೆ ತಿರುಗಿಸಿಕೊಂಡೇ ಬಾರಿಸುತ್ತಿದ್ದ.

ಹಾಡು ಮುಗಿಸಿ ನಾನು ಹೊರಗೆ ಊಟದ ಪಂಕ್ತಿಗೆ ಬಂದೆ. ಎಲ್ಲರೆದುರು, "ಸಿಸ್ಟರಗೆ ಮರಾಠಿ ದೇವರೊಬ್ಬನs ಗೊತ್ತು" ಎಂದು ಅಂದುಬಿಟ್ಟೆ. ರೂತಬಾಯಿಯ ತಾಯಿ ಅಲ್ಲೇ ಊಟಕ್ಕೆ ಕೂತಿದ್ದರು, ಜತ್ತದ ಕನ್ನಡದ ಮುದುಕಿ. ರೂತಬಾಯಿ ತಟ್ಟೆ ಇಟ್ಟು ಹೊರಟುಹೋದರು. ಅಂದಿನಿಂದ ನಮ್ಮಿಬ್ಬರ ಮಾತು ನಿಂತಿತು.

ಮಾತು ನಿಂತರೂ ಪ್ರಾರ್ಥನೆ ನಿಲ್ಲಿಸುವಂತಿರಲಿಲ್ಲವಲ್ಲ. ಮೊದಲ ಪಾಳಿ ರೂತಬಾಯಿಯದು. ಯಾವಾಗಲೂ ಮರಾಠಿಯಲ್ಲಿ ಪ್ರಾರ್ಥಿಸುವವರು ಅಂದು ಕನ್ನಡದಲ್ಲಿ ಶುರುಮಾಡಿದರು. "ಪ್ರಭುವೇ, ತಮ್ಮ ಕಂಠದ ಮ್ಯಾಲೆ ಗರ್ವಾ ಇರೋರಿಗೆ ನಮ್ರತಾ ಕೊಡು." ನನ್ನ ಕಿವಿ ಬಿಸಿಯಾಯಿತು. ನನ್ನ ಪಾಳಿ ಬಂದಾಗ ನಾನು, "ತಂದೆಯೇ, ಊಟದ ಪಾತೇಲಿ ಕಂಡ ಕೂಡಲೇ ನಿನ್ನ ಸ್ತುತಿಯನ್ನು ಮರೆಯುವವರನ್ನು ಕ್ಷಮಿಸು" ಎಂದೆ. ಡಾಕ್ಟರಬಾಯಿಗೆ ಕನ್ನಡ ಬಾರದು. ಅವರು ಎರಡಕ್ಕೂ ಭಕ್ತಿಯಿಂದ, ಗಟ್ಟಿಯಾಗಿ ಆಮೆನ್ ಎಂದರು.

ಹೀಗೆ ಹತ್ತು ಹನ್ನೆರಡು ದಿನ ನಡೆಯಿತು. ಬೇರೆ ಕಚೇರಿಗಳಲ್ಲಿ ಜಗಳವಾದರೆ ಜನ ಸಾಹೇಬರಿಗೆ ಚಾಡಿ ಹೇಳುತ್ತಾರೆ. ನಾವು ನೇರವಾಗಿ ದೇವರಿಗೇ ಹೇಳುತ್ತಿದ್ದೆವು, ಪಕ್ಕದವರಿಗೆ ಕೇಳುವಷ್ಟು ಜೋರಾಗಿ. ನಂಬಿಕೆಯವರಿಗೆ ಮಾತ್ರ ಬರುವ ಜಾಣತನ ಇದು. ಹೊಸಬರೇ, ಇದನ್ನು ನೀವು ಕಲಿಯಬೇಡಿ.

ಆ ದಿನಗಳಲ್ಲೇ ನಾನು ತಂಗೆವ್ವನ ಜೋಡು ಹೊಲಿದದ್ದು. ನಿಯಮದ ಪ್ರಕಾರ ಹೊಸದಾಗಿ ಅಳತೆ ತೆಗೆಯಬೇಕು, ಚಪ್ಪಲಿಯನ್ನು ನಾನೇ ತೊಡಿಸಬೇಕು, ಪಕ್ಕದಲ್ಲಿ ಸಿಸ್ಟರ್ ಕೂತು ಎಲ್ಲಿ ಒತ್ತುತ್ತದೆ ಎಂದು ನೋಡಬೇಕು. ಪಕ್ಕ ಪಕ್ಕ ಕೂತರೆ ಮಾತಾಡಬೇಕಾಗುತ್ತದಲ್ಲ! ಅದಕ್ಕೆ ಕಟ್ಟಿನಿಂದ ಅವಳ ಹಳೆಯ ಕಂದು ಕಾಗದ ತೆಗೆದು, ಅದರ ಮೇಲೇ ರಬ್ಬರು ಕತ್ತರಿಸಿ ಹೊಲಿದು, ಸಿಮೋನ ಕಾಕಾನ ಕೈಯಲ್ಲಿ ಅವಳ ಮನೆಗೆ ಕಳಿಸಿಬಿಟ್ಟೆ. ಹೊಲಿಗೆ ಮಾತ್ರ ಬಹಳ ಚೆನ್ನಾಗಿ ಬಂದಿತ್ತು.

ಮುಂದಿನ ಗುರುವಾರ ಹಾಲಿನ ಸಂಘದ ಕಟ್ಟೆಗೆ ತಂಗೆವ್ವ ನಗುತ್ತ ಬಂದಳು. "ಅಪ್ಪಾ ದಾನಪ್ಪಾ, ಭಾಳ ಛಲೋ ಅದಾವು ನಿನ್ನ ಚಪ್ಪಲಿ. ಹೂವು ಮೆಟ್ಟಿದಂಗ ಆಗತೈತಿ. ಎಂಟು ದಿನಾ ಕಾಲಾಗಿಂದ ಬಿಚ್ಚೇ ಇಲ್ಲ" ಅಂದಳು. ನಾನು ಹಿಗ್ಗಿ ಕೆಳಗೆ ನೋಡಿದೆ. ಎಡಗಾಲಿನ ಚಪ್ಪಲಿಯ ಪಟ್ಟಿ ಒದ್ದೆಯಾಗಿತ್ತು. ಅವಳು ಹತ್ತಿ ಬಂದ ಮೆಟ್ಟಿಲುಗಳ ಮೇಲೆ ಒಂದೊಂದು ಕೆಂಪು ಗುರುತು ಬಿದ್ದಿತ್ತು. ಅರಿಷಿಣದ ಹಳದಿಯಲ್ಲಿ ರಕ್ತ ಬೆರೆತು ಕಾಲು ಗುರುತೇ ಸಿಗದಂತಾಗಿತ್ತು. ಅವಳಿಗೆ ಏನೂ ಗೊತ್ತಿರಲಿಲ್ಲ, ಇನ್ನೂ ನನ್ನನ್ನು ಹೊಗಳುತ್ತಲೇ ಇದ್ದಳು. ಆ ಹೊಗಳಿಕೆಯನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ.

ಚಪ್ಪಲಿ ಬಿಚ್ಚಿದರೆ, ಕಿರುಬೆರಳಿನ ಬದಿಯಲ್ಲಿ ಪಾದ ಉಬ್ಬಿ ಅಗಲವಾಗಿತ್ತು. ನನ್ನ ಬಿಗಿಯಾದ ಪಟ್ಟಿ ಅಲ್ಲಿ ಕೊಯ್ದು ಆಳಕ್ಕೆ ಇಳಿದಿತ್ತು. ಡಾಕ್ಟರಬಾಯಿ ಕೂತು ಗಾಯವನ್ನು ಪರೀಕ್ಷಿಸಿದರು. ಗಾಯ ಎಲುಬಿಗೆ ಮುಟ್ಟಿದ್ದರೆ ಪಾದ ಉಳಿಯುವುದು ಕಷ್ಟ ಎಂದರು. ಪ್ಲಾಸ್ಟರ್ ಹಾಕಿ ಆರು ವಾರ ಮಲಗಿಸಬೇಕು, ಆಮೇಲೆ ನೋಡಬೇಕು. ಮಗಳ ದಿನ ತುಂಬಲು ಉಳಿದಿದ್ದದ್ದು ಎರಡೇ ತಿಂಗಳು. ತಂಗೆವ್ವನ ನಗು ಆಗ ನಿಂತಿತು. "ಕಾಲು ಕೊಯ್ತೀರೇನ್ರಿ? ಕೊಯ್ದ್ರ ಆ ಬೀಗರು ನನ್ನ ಮಗಳನ್ನ ಕಳಸೂದಿಲ್ಲರಿ" ಎಂದು ಅತ್ತಳು.

ಅವಳನ್ನು ಜೀಪಿನಲ್ಲಿ ಮಲಗಿಸಿಕೊಂಡು ಮಿರಜಿಗೆ ಹೊರಟೆವು. ದಾರಿಯಲ್ಲಿ ನಾನು ಸಿಮೋನ ಕಾಕಾನ ಪಕ್ಕ ಕೂತು, "ಪಾದ ಉಬ್ಬಿದ್ದು ನನಗ ಗೊತ್ತs ಇದ್ದಿಲ್ಲ ಕಾಕಾ" ಎಂದೆ. ಅವನು ಸ್ಟೇರಿಂಗ್ ಹಿಡಿದೇ ನನ್ನ ಕಡೆ ತಿರುಗಿ ನೋಡಿದ.

"ಗೊತ್ತಿದ್ದಿಲ್ಲ ಅಂದ್ರ? ರೂತಬಾಯಿ ಹೇಳಿದ್ಲಲ್ಲೋ. ಹೋದ ವಾರ, ಮಂಗಳವಾರ, ಪ್ರಾರ್ಥನಾದಾಗ."

ಹೌದು, ಹೇಳಿದ್ದರು. ಮನೆಭೇಟಿಗೆ ಹೋದಾಗ ರೂತಬಾಯಿ ಆ ಉಬ್ಬು ಕಂಡಿದ್ದರು. ಮರುದಿನ ಬಾನೆಟ್ಟಿನ ಮುಂದೆ ನಿಂತು, "ಪ್ರಭುವೇ, ತಂಗೆವ್ವನ ಎಡಗಾಲು ಉಬ್ಬಿದ್ದು ನೀ ಬಲ್ಲಿ. ಹೊಸಾ ಅಳತಿ ತಗೊಳ್ಳೋ ಬುದ್ಧಿ ಕೊಡಬೇಕಾದವರಿಗೆ ಕೊಡು" ಎಂದು ಪ್ರಾರ್ಥಿಸಿದ್ದರಂತೆ. ಸಿಮೋನ ಕಾಕಾ ಕೇಳಿದ್ದ, ನಾನೂ ಕೇಳಿರುತ್ತೇನೆ ಎಂದುಕೊಂಡು ಚಪ್ಪಲಿ ಒಯ್ದು ಕೊಟ್ಟಿದ್ದ. ಕನ್ನಡ ಬಾರದ ಡಾಕ್ಟರಬಾಯಿ ಆಮೆನ್ ಎಂದಿದ್ದರು. ನಾನು ಅಲ್ಲೇ, ಒಂದು ಮೊಳ ದೂರದಲ್ಲಿ, ಕಣ್ಣು ಮುಚ್ಚಿ ಕೈಕಟ್ಟಿ ನಿಂತಿದ್ದೆ. ಮರುದಿನ ನನ್ನ ಪಾಳಿ, ಅವರಿಗೆ ಏನು ಉತ್ತರ ಕೊಡಲಿ ಎಂದು ಮನಸ್ಸಿನಲ್ಲಿ ಜೋಡಿಸುತ್ತಿದ್ದೆ. ಒಂದು ಅಕ್ಷರವೂ ಒಳಗೆ ಹೋಗಿರಲಿಲ್ಲ.

ಮರುದಿನ ಬೆಳಿಗ್ಗೆ ನಾವು ಬಾನೆಟ್ಟಿನ ಸುತ್ತ ನಿಂತಾಗ ಸಿಮೋನ ಕಾಕಾ ಜೀಪಿನ ಚಾವಿ ತೆಗೆದು ಅಂಗಿಯ ಕಿಸೆಯಲ್ಲಿ ಹಾಕಿಕೊಂಡ.

"ಇವತ್ತ ಪ್ರಾರ್ಥನಾ ಇಲ್ಲ. ದೇವರಿಗೆ ಸೂಟಿ. ಹನ್ನೆರಡು ದಿನಾ ನಿಮ್ಮ ಟಪಾಲ ಹೊತ್ತ ಹೊತ್ತ ಅವನಿಗೂ ಸಾಕಾಗೇತಿ. ನೀವಿಬ್ಬರೂ ಮಾರಿ ನೋಡಿ ಮಾತಾಡ್ರಿ. ಆಮ್ಯಾಲೆ ಚಾವಿ" ಅಂದ. ಡಾಕ್ಟರಬಾಯಿ ಏನೆಂದು ಕೇಳಿದರು. ಅವನು ಮರಾಠಿಯಲ್ಲಿ ಮೊದಲಿನಿಂದ ಎಲ್ಲ ಹೇಳಿದ. ತಾವು ಯಾವ ಯಾವ ಮಾತಿಗೆ ಆಮೆನ್ ಎಂದಿದ್ದರು ಎಂದು ತಿಳಿದು ಆ ತಾಯಿ ತಲೆಯ ಮೇಲೆ ಕೈಹೊತ್ತು ಮೆಟ್ಟಿಲ ಮೇಲೆ ಕೂತುಬಿಟ್ಟರು.

ನಾನೇ ಮೊದಲು ಬಾಯಿಬಿಟ್ಟೆ. "ಸಿಸ್ಟರ, ಕಾಲಿನ ಸುದ್ದಿ ನನಗ ಯಾಕ ಹೇಳಲಿಲ್ಲರಿ?"

"ಹೇಳಿದ್ನಲ್ಲ."

"ದೇವರಿಗೆ ಹೇಳಿದ್ರಿ."

"ನೀ ಬಾಜೂಕs ನಿಂತಿದ್ದಿ ದಾನಪ್ಪ."

"ನಿಂತಿದ್ದೆ ಖರೆ. ಕೇಳಲಿಲ್ಲರಿ. ನಿಮಗ ಏನ್ ತಿರುಗಿ ಅನ್ನಲಿ ಅಂತ ವಿಚಾರ ಮಾಡಾಕತ್ತಿದ್ದೆ."

ರೂತಬಾಯಿಯ ಕಣ್ಣಲ್ಲಿ ನೀರು ಬಂತು. "ನಮ್ಮ ಆಯೀ ಮುಂದ ನೀ ಹಂಗ ಅನಬಾರದಿತ್ತು. ಸಣ್ಣಾಕಿ ಇದ್ದಾಗ ನನಗ ಪ್ರಾರ್ಥನಾ ಕಲಿಸಿದಾಕಿ ಆಕಿ, ಕನ್ನಡದಾಗ" ಎಂದರು. ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. "ತಪ್ಪಾತರಿ" ಎಂದೆ. "ನಂದೂ ತಪ್ಪು. ಹಾಡು ಕಡೀಕ ಇಟ್ಟಿದ್ದು ಬೇಕಂತ ಅಲ್ಲ. ಆದ್ರ ಸುದ್ದಿ ಹಂಗ ಹೇಳಿದ್ದು ಬೇಕಂತನs" ಎಂದು ಅವರೂ ಒಪ್ಪಿಕೊಂಡರು. ಸಿಮೋನ ಕಾಕಾ ಕಿಸೆಯಿಂದ ಚಾವಿ ತೆಗೆದ.

ಡಾಕ್ಟರಬಾಯಿ ನಮ್ಮನ್ನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ತಂಗೆವ್ವನ ಪ್ಲಾಸ್ಟರ್ ಬದಲಿಸುವ ಕೆಲಸ ನಿಮ್ಮಿಬ್ಬರದು, ಒಬ್ಬರೇ ಮಾಡುವಂತಿಲ್ಲ ಎಂದರು ಅಷ್ಟೆ. ಮೊದಲ ದಿನ ನಾವಿಬ್ಬರೂ ಅವಳ ಮಂಚದ ಮುಂದೆ ನಿಂತು, ನಾವು ಮಾತು ಬಿಟ್ಟಿದ್ದರಿಂದ ನಿನ್ನ ಕಾಲಿಗೆ ಹೀಗಾಯಿತು ಎಂದು ಒಪ್ಪಿಕೊಂಡೆವು. ತಂಗೆವ್ವ ಮಂಚದ ಮೇಲೆ ಎದ್ದು ಕೂತಳು.

"ನನ್ನ ಕಾಲಿಗೆ ನೋವು ತಿಳಿಯೂದಿಲ್ಲ ಅಂತ ನಿಮ್ಮನ್ನ ನಂಬೇನಿ. ನಿಮಗೂ ತಿಳೀದಿದ್ರ ಹೆಂಗ್ರಿ ಬಾಯಾರ?" ಅಂದಳು.

ಅವಳು ಸಿಟ್ಟಿನಿಂದ ಹೇಳಲಿಲ್ಲ. ನಾನು ಎಷ್ಟೋ ಭಾನುವಾರ ಎಷ್ಟೋ ಉಪದೇಶ ಕೇಳಿದ್ದೇನೆ. ಒಂದೂ ಅದರಷ್ಟು ನಾಟಿಲ್ಲ.

ಆರು ವಾರ ನಾನು ಅವಳ ಕಾಲು ಎತ್ತಿ ಹಿಡಿದೆ, ರೂತಬಾಯಿ ಪ್ಲಾಸ್ಟರ್ ಸುತ್ತಿದರು. ಅವರು ಗಾಯ ತೊಳೆಯುವುದನ್ನು ನೋಡುತ್ತ ನೋಡುತ್ತ, ಪಾದ ಎಲ್ಲಿ ಭಾರ ಹೊರುತ್ತದೆ, ಎಲ್ಲಿ ಹೊರಬಾರದು ಎಂದು ಅಷ್ಟು ವರ್ಷದಲ್ಲಿ ಕಲಿಯದ್ದನ್ನು ಕಲಿತೆ. ಅವರು ನನ್ನಿಂದ ಹೊಲಿಗೆ ಕಲಿತರು. ಸಿಮೋನ ಕಾಕಾನ ಹೆಂಡತಿ ದಿನಾ ಎಮ್ಮೆಯ ಹಾಲು ಕಳಿಸಿದಳು. ನಾಲ್ಕೂ ಚರ್ಚಿನ ಹೆಣ್ಣುಮಕ್ಕಳು ಪಾಳಿ ಹಾಕಿಕೊಂಡು ರೊಟ್ಟಿ ತಂದರು. ತಂಗೆವ್ವ ನಮ್ಮ ದೇವರನ್ನು ಹೊಗಳುತ್ತಲೇ ತನ್ನ ಎಲ್ಲವ್ವನಿಗೂ ಹರಕೆ ಹೊತ್ತಳು, ನಾವೇನೂ ತಕರಾರು ಮಾಡಲಿಲ್ಲ.

ಗಾಯ ಎಲುಬಿಗೆ ಮುಟ್ಟಿರಲಿಲ್ಲ. ಪ್ಲಾಸ್ಟರ್ ಬಿಚ್ಚಿದ ದಿನ ನಾನು ಅದೇ ಹಳೆಯ ಕಂದು ಕಾಗದ ಹಾಸಿ, ತಂಗೆವ್ವನನ್ನು ಅದರ ಮೇಲೆ ನಿಲ್ಲಿಸಿ, ಪೆನ್ಸಿಲನ್ನು ರೂತಬಾಯಿಯ ಕೈಗೆ ಕೊಟ್ಟೆ. "ನೀವು ಎಳೀರಿ" ಎಂದೆ. ಅವರು ತಮ್ಮ ನೀಲಿ ಪೆನ್ಸಿಲನ್ನೇ ತೆಗೆದು ಸುತ್ತ ಗೆರೆ ಎಳೆದರು. ನನ್ನ ಹಳೆಯ ಗೆರೆಗೂ ಅವರ ನೀಲಿ ಗೆರೆಗೂ ನಡುವೆ ಅರ್ಧ ಬೆರಳಿನಷ್ಟು ಅಂತರವಿತ್ತು. ಅಷ್ಟೇ. ಅಷ್ಟಕ್ಕೆ ಒಂದು ಕಾಲು ಹೋಗುವುದರಲ್ಲಿತ್ತು.

ಅಂದಿನಿಂದ ನಮ್ಮ ಪದ್ಧತಿ ಬದಲಾಯಿತು. ಬಾನೆಟ್ಟಿನ ಮುಂದೆ ಮೊದಲು ಮಾತು, ಆಮೇಲೆ ಪ್ರಾರ್ಥನೆ. ಯಾವ ರೋಗಿಯ ಬಗ್ಗೆ ಯಾರಿಗೆ ಏನು ಗೊತ್ತೋ ಅದನ್ನು ಕಣ್ಣು ತೆರೆದು, ಮುಖ ನೋಡಿ, ಎಲ್ಲರಿಗೂ ತಿಳಿಯುವ ಭಾಷೆಯಲ್ಲಿ ಹೇಳಬೇಕು. ಯಾರ ಮೇಲಾದರೂ ಸಿಟ್ಟಿದ್ದರೆ ಅದನ್ನೂ ಆಗಲೇ ಹೇಳಬೇಕು. ಅದೆಲ್ಲ ಮುಗಿಯುವವರೆಗೆ ಚಾವಿ ಸಿಮೋನ ಕಾಕಾನ ಕಿಸೆಯಲ್ಲಿ. ಕೆಲವು ದಿನ, ನಮ್ಮ ದವಾಖಾನೆ ಕೂರುತ್ತಿದ್ದ ಇನ್ನೊಂದು ಊರಾದ ಮಾಧವನಗರಕ್ಕೆ ಒಂದು ತಾಸು ತಡವಾಗಿ ಹೋಗಿದ್ದೂ ಉಂಟು. ಮುಂದಿನ ಕ್ರಿಸ್ಮಸ್ಸಿಗೆ ನನ್ನ ಹಾಡು ಊಟಕ್ಕೆ ಮೊದಲು ಬಂತು. ನಾನು ಹಾಡಿ ಮುಗಿಸುವವರೆಗೆ ರೂತಬಾಯಿ ದೊಡ್ಡ ಸವಟು ಹಿಡಿದು ಬಾಗಿಲಲ್ಲಿ ನಿಂತಿದ್ದರು, ಒಬ್ಬರನ್ನೂ ಹೊರಗೆ ಬಿಡಲಿಲ್ಲ. ನಾಲ್ಕನೆಯ ಚರಣದ ಹೊತ್ತಿಗೆ ಜನ ನನ್ನನ್ನಲ್ಲ, ಆ ಸವಟನ್ನೇ ನೋಡುತ್ತಿದ್ದರು.

ಒಳ್ಳೆಯವರು ಸೇರಿ ಕೆಲಸ ಮಾಡಿದರೆ ಕೆಲಸ ಒಳ್ಳೆಯದಾಗುತ್ತದೆ ಎಂದು ಹೇಳಲು ನಾನು ಇದನ್ನು ಬರೆಯಲಿಲ್ಲ. ನಾವು ಅಂಥ ಒಳ್ಳೆಯವರಾಗಿರಲಿಲ್ಲ. ಆದರೆ ತಪ್ಪು ಒಪ್ಪಿಕೊಳ್ಳದೆ ಮುಂದೆ ಹೋಗಲು ನಮಗೆ ದಾರಿಯಿರಲಿಲ್ಲ. ಬೆಳಗಾದರೆ ಮತ್ತೆ ಅದೇ ಬಾನೆಟ್ಟು, ಅದೇ ನಾಲ್ಕು ಮುಖ, ಅದೇ ದೇವರು. ಜೊತೆಯವರು ನಂಬಿಕೆಯವರಾಗಿದ್ದರ ಲಾಭ ನನಗೆ ಆದದ್ದು ಅದೇ, ಮತ್ತು ಅದು ಸಣ್ಣದಲ್ಲ.

ಆ ಕಂದು ಕಾಗದ ಈಗ ನನ್ನ ಬೈಬಲಿನೊಳಗೆ ಮಡಿಚಿ ಇಟ್ಟಿದೆ. ಆ ಇಬ್ಬರು ಹೊಸಬರು ಬಂದ ದಿನ ಬಿಡಿಸಿ ತೋರಿಸಿದೆ. ಎಡಗಾಲಿನ ಕಪ್ಪು ಗೆರೆ, ಅದರ ಹೊರಗೆ ರೂತಬಾಯಿಯ ನೀಲಿ ಗೆರೆ. ನರ್ಸ್ ಹುಡುಗಿ ಬೆರಳಿಟ್ಟು, "ಕಾಕಾ, ಒಳಗ ಇನ್ನೊಂದು ಸಣ್ಣದು ಐತಲ್ಲ, ಇದು ಯಾರ ಅಳತಿ?" ಎಂದು ಕೇಳಿದಳು. ಅದು ಯಾವ ಚಪ್ಪಲಿಗೂ ತೆಗೆದ ಅಳತೆಯಲ್ಲ. ಕಾಲು ವಾಸಿಯಾದ ಆ ಬೇಸಿಗೆಯಲ್ಲಿ ತಂಗೆವ್ವ ನನ್ನ ಹೊಸ ಜೋಡು ಮೆಟ್ಟಿ, ತನ್ನ ಕಾಲ ಮೇಲೆ ನಡೆದು, ಹಾಲಿನ ಸಂಘದ ಮೆಟ್ಟಿಲು ಹತ್ತಿ ಬಂದಳು. ಕೈಯಲ್ಲಿ ನಲವತ್ತು ದಿನದ ಮೊಮ್ಮಗಳು. "ಇದರ ಕಾಲೂ ಬರಕೋರಿ, ಇಬ್ಬರೂ ಕೂಡಿ" ಅಂದಳು. ನಾನು ಆ ಕಂದು ಕಾಗದ ಹಾಸಿದೆ. ಕೂಸಿನ ಪಾದವನ್ನು ನಾನು ಹಿಡಿದೆ, ರೂತಬಾಯಿ ಪೆನ್ಸಿಲು ತಾಗಿಸಿದರು. ಕಚಗುಳಿಯಾಗಿ ಕೂಸು ಥಟ್ಟನೆ ಕಾಲು ಹಿಂದಕ್ಕೆಳೆದುಕೊಂಡಿತು. ಗೆರೆ ಅಲ್ಲಿ ಸೊಟ್ಟಗಾಗಿದೆ.

"ನೋಡ್ರಿ, ಇದಕ್ಕ ತಿಳೀತೈತಿ!" ಎಂದು ತಂಗೆವ್ವ ಕಟ್ಟೆಯೆಲ್ಲ ಕೇಳುವಂತೆ ನಕ್ಕಳು.